ನಾಕ್ ತಿಂಗಳ ಗುಳಿಗಿ

ಈ ಬರಹದ ಮಟ್ಟಿಗೆ ನನ್ನ ಹೆಸರು ಕಸ್ತೂರಿ ಎಂದಿಟ್ಟುಕೊಳ್ಳಿ. ಖರೇ ಹೆಸರು ಬೇರೆ ಇದೆ, ಅದು ಈಗ ಬೇಡ. ಗೋವಾದ ಕೆಪೆಯಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ ನನ್ನದೊಂದು ಖಾನಾವಳಿ ಇದೆ. ಮುಂದೆ ಉಣ್ಣುವವರಿಗೆ ಬೆಂಚು, ಹಿಂದೆ ನಾನಿರುವ ಒಂದು ಖೋಲಿ. ಬಾಗಲಕೋಟೆ, ವಿಜಯಪುರ, ಗದಗದ ಕಡೆಯಿಂದ ಗೌಂಡಿ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಬಂದವರು ಮಧ್ಯಾಹ್ನ ನನ್ನ ಜೋಳದ ರೊಟ್ಟಿಗಾಗಿ ಕಾದು ಕೂರುತ್ತಾರೆ. ಒಬ್ಬ ಪೇಂಟರ್ ಉಂಡ ಖುಷಿಗೆ ಗೋಡೆಯ ಮೇಲೆ ಒಂದು ಗಾದೆ ಬರೆದುಕೊಟ್ಟು ಹೋಗಿದ್ದಾನೆ: "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಊಟವನ್ನು ನನಗಿಂತ ಚೆನ್ನಾಗಿ ಬಲ್ಲವರು ಕೆಪೆಯಲ್ಲಿ ಯಾರಿದ್ದಾರೆ? ಆದರೂ ಹತ್ತು ವರ್ಷದಿಂದ ನನಗೆ ಎಚ್‌ಐವಿ ಇದೆ. ಮಾತಿನಲ್ಲೂ ನಾನು ಕಡಿಮೆಯವಳೇನಲ್ಲ. ಆದರೂ ಈ ವರ್ಷ ಮಳೆಗಾಲಕ್ಕೆ ಮುಂಚೆ, ಒಂದೇ ಒಂದು ಮಾತಿನಿಂದ, ಆಸ್ಪತ್ರೆಯ ಕೌಂಟರಿನ ಮುಂದೆ ನನ್ನದು ದೊಡ್ಡ ಜಗಳವಾಯಿತು. ಆ ಜಗಳದ ಕಥೆ ಹೇಳುವುದಕ್ಕೇ ಕೂತಿದ್ದೇನೆ. ಹೇಳದಿದ್ದರೆ ನನ್ನ ಹೊಟ್ಟೆ ಒಡೆದು ಹೋದೀತು.

ಮೊದಲು ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ನನ್ನ ಗಂಡ ಈರಪ್ಪ ಸೆಂಟ್ರಿಂಗ್ ಮೇಸ್ತ್ರಿ. ಜ್ವರ ಬಂತು, ಹೋಯಿತು, ಮತ್ತೆ ಬಂತು, ಕೊನೆಗೆ ಅವನನ್ನು ಕರೆದುಕೊಂಡೇ ಹೋಯಿತು. ಅವನ ಕಾಗದ ನೋಡಿದ ಡಾಕ್ಟರು ನನ್ನದೂ ಮಗಳದೂ ರಕ್ತ ಪರೀಕ್ಷೆ ಆಗಲೇಬೇಕೆಂದರು. ಮಡಗಾಂವಿನ ಆಸ್ಪತ್ರೆಯೊಂದರ ವರಾಂಡದಲ್ಲಿ ಇಬ್ಬರೂ ಕೂತಿದ್ದೆವು. ಆಗ ಭಾಗ್ಯಳಿಗೆ ಹನ್ನೆರಡು ವರ್ಷ. ಏನೂ ತಿಳಿಯದೆ ನನ್ನ ಸೆರಗಿನ ತುದಿಗೆ ಗಂಟು ಹಾಕುತ್ತ, ಬಿಚ್ಚುತ್ತ ಇದ್ದಳು. ಅವಳ ರಕ್ತದಲ್ಲಿ ಏನೂ ಇಲ್ಲ, ನನ್ನದರಲ್ಲಿ ಇದೆ ಎಂದು ತಿಳಿದಾಗ ಒಂದೇ ಉಸಿರಿನಲ್ಲಿ ದೇವರಿಗೆ ಕೈಯನ್ನೂ ಮುಗಿದೆ, ಬೈದೂ ಬೈದೆ. ಆಗಿನ ಕೌನ್ಸೆಲರ್ ಬಾಯಿ ವಯಸ್ಸಾದವರು. ರೋಗದ ಬಗ್ಗೆ ಒಂದು ಮಾತೂ ಆಡುವ ಮೊದಲು, "ಖಾನಾ ಖಾಯಾ?" ಎಂದು ಕೇಳಿ, ತಮ್ಮ ಡಬ್ಬಿಯಿಂದ ಅರ್ಧ ಚಪಾತಿ ತೆಗೆದುಕೊಟ್ಟರು. ದಿನಾ ಊರಿಗೆಲ್ಲ ಬಡಿಸುವ ನನಗೆ ಅಂದು ಬಡಿಸಿದವರು ಅವರೊಬ್ಬರೇ. ಆ ರುಚಿ ಇನ್ನೂ ನಾಲಗೆಯ ಮೇಲಿದೆ.

ಭಾಗ್ಯಳನ್ನು ಊರಲ್ಲಿ ಅಕ್ಕನ ಹತ್ತಿರ ಬಿಟ್ಟು ಶಾಲೆಗೆ ಹಾಕಿದೆ. ಅಕ್ಕ ಗಂಗವ್ವನಿಗೆ ಮಾತ್ರ ನನ್ನ ವಿಷಯ ಗೊತ್ತು. ಹೇಳಿದ ದಿನ ಅವಳು ಅತ್ತಳು, ತಲೆ ಸವರಿದಳು, ಎಲ್ಲ ಸರಿ. ಊಟಕ್ಕೆ ಕೂತಾಗ ನೋಡಿದರೆ ನನ್ನ ತಾಟಿನ ಅಂಚಿಗೆ ಮೊಳೆಯಿಂದ ಗೀರಿ ಗುರುತು ಹಾಕಿದ್ದಳು. ಗೋವಾದಲ್ಲಿ ಮೂವತ್ತು ಜನ ಗಂಡಸರು ನನ್ನ ಕೈಯಿಂದ ಉಂಡು ಬೆರಳು ನೆಕ್ಕುತ್ತಾರೆ, ಒಡಹುಟ್ಟಿದವಳು ನನಗೆ ಬೇರೆ ತಾಟು ಇಡುತ್ತಾಳೆ! ನನಗೆ ಸಿಟ್ಟು ಬಂದು ಎರಡು ರೊಟ್ಟಿ ಜಾಸ್ತಿಯೇ ಉಂಡೆ.

ಆ ಮೊದಲ ವರ್ಷ ಇನ್ನೊಂದು ದಡ್ಡತನವನ್ನೂ ಮಾಡಿದೆ. ಮಳೆಗಾಲದಲ್ಲಿ ಇಲ್ಲಿ ಕಟ್ಟಡದ ಕೆಲಸ ನಿಲ್ಲುತ್ತದೆ. ನಮ್ಮ ಜನ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗುತ್ತಾರೆ, ನನ್ನ ಒಲೆಯೂ ತಣ್ಣಗಾಗುತ್ತದೆ. ನಾನೂ ಹೋದೆ. ಗುಳಿಗೆ ಇದ್ದದ್ದು ಒಂದು ತಿಂಗಳಿಗೆ. ಮಗಳ ಮುಖ ನೋಡುತ್ತ ಎರಡನೇ ತಿಂಗಳೂ ಅಲ್ಲೇ ಉಳಿದೆ. ಗಟ್ಟಿಯಾಗಿದ್ದೇನಲ್ಲ, ಏನಾದೀತು ಅಂದುಕೊಂಡೆ. ಏನಾಯಿತೆಂದರೆ, ವಾಪಸ್ ಬಂದು ಇಪ್ಪತ್ತು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ತಿಂಗಳಿಗೊಮ್ಮೆ ಮಡಗಾಂವಿಗೆ ಹೋಗುವುದು, ಬಾಟಲಿ ತರುವುದು. ಊರಿಗೆ ಹೋದರೂ ನಾಲ್ಕು ದಿನ, ಐದು ದಿನ, ಅಷ್ಟೇ. ಊರ ಹತ್ತಿರದ ಆಸ್ಪತ್ರೆಯಲ್ಲೂ ಗುಳಿಗೆ ಕೊಡುತ್ತಾರೆ, ಆದರೆ ಅಲ್ಲಿ ಚೀಟಿ ಬರೆಯುವವನು ನಮ್ಮ ದೊಡ್ಡಪ್ಪನ ಮೊಮ್ಮಗ. ಅವನ ಬಾಯಿಗೆ ಬಾಗಿಲಿಲ್ಲ. ಹೀಗೆ ಒಂಬತ್ತು ಮಳೆಗಾಲವನ್ನು ಖಾಲಿ ಖಾನಾವಳಿಯಲ್ಲಿ ಸೋರುವ ಹೆಂಚಿನ ಕೆಳಗೆ ಪಾತ್ರೆ ಇಡುತ್ತ ಕಳೆದೆ. ಭಾಗ್ಯ ಮಾತ್ರ ನನಗೆ ಮಗಳಿಗಿಂತ ಗಿರಾಕಿಗಳೇ ಹೆಚ್ಚು ಎಂದುಕೊಂಡು ಬೆಳೆದಳು.

ಹೋದ ವರ್ಷ ಮದುವೆಯಾದ ಅವಳು ಈ ವರ್ಷ ಬಸುರಿ. ಚೊಚ್ಚಲು. ನಮ್ಮಲ್ಲಿ ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ ಮಾಡಿ ತವರಿಗೆ ಕರೆದುಕೊಂಡು ಬರುತ್ತಾರೆ, ಬಾಣಂತನ ತವರಿನದೇ. ಕೆಪೆಯ ಸೋರುವ ಖೋಲಿಗೆ ಅವಳನ್ನು ಕರೆತರುವಂತಿಲ್ಲ, ಆದ್ದರಿಂದ ಅಕ್ಕನ ಮನೆ ಎಂದು ಗೊತ್ತಾಯಿತು. ಒಂದು ದಿನ ಫೋನ್ ಮಾಡಿದಳು.

"ಅವ್ವಾ, ನೀ ಬರ್ತಿಯೋ ಇಲ್ಲೋ?"

"ಬರ್ತೀನಿ. ಎಂಟ ದಿನಾ ಇದ್ದು..."

"ಎಂಟ ದಿನಕ್ಕ ಬಾಣತನಾ ಮುಗಿತೈತೇನು? ಅವ್ವ ಇಲ್ಲದ್ದು ಎಂಥಾ ತವರಮನಿ? ಬ್ಯಾಡ ಬಿಡು. ದೊಡ್ಡವ್ವ ಅದಾಳ, ಎರೀತಾಳ. ನೀ ನಿನ್ನ ರೊಟ್ಟಿ ಬಡ್ಕೊಂತ ಕೂಡು."

ಫೋನ್ ಇಟ್ಟಳು. ನಾನು ರೊಟ್ಟಿ ಬಡಿಯುತ್ತಲೇ ಅತ್ತೆ. ಮಗಳಿಗೆ ನೀರೆರೆಯುವುದು, ಅಂಟಿನ ಉಂಡಿ ಮಾಡಿ ತಿನ್ನಿಸುವುದು, ಕೂಸಿಗೆ ಎಣ್ಣೆ ತಿಕ್ಕುವುದು, ಇದಕ್ಕಿಂತ ಹೆಚ್ಚಿನದನ್ನು ನಾನು ಈ ಜನ್ಮದಲ್ಲಿ ಬೇಡಿರಲಿಲ್ಲ. ಅದಕ್ಕೆ ಅಡ್ಡ ಕೂತಿದ್ದು ರೋಗವೂ ಅಲ್ಲ. ರಕ್ತದಲ್ಲಿ ವೈರಸ್ ಕಾಣುವುದೇ ಇಲ್ಲ ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದರು. ಅಡ್ಡ ಕೂತಿದ್ದು ಗುಳಿಗೆ ತರುವ ಆ ತಿಂಗಳ ಹಾಜರಿ.

ಹೀಗಿರುವಾಗ ಆಸ್ಪತ್ರೆಯಲ್ಲಿ ನಂಬಲಾಗದ ಸಂಗತಿ ನಡೆಯಿತು. ನಮ್ಮನ್ನು "ನಿಮಗೇನು ಬೇಕು?" ಎಂದು ಕೇಳಿದರು!

ಹತ್ತು ವರ್ಷದಲ್ಲಿ ಆ ಬೆಂಚಿನ ಮೇಲೆ ಕೂತು ನಾವು ಕೇಳಿದ್ದೆಲ್ಲ ಸಾಲಿನಲ್ಲಿ ನಿಲ್ಲಿ, ಬುಕ್ ತೋರಿಸಿ, ಬಾಟಲಿ ಎಣಿಸಿ, ಮುಂದಿನ ತಿಂಗಳು ಬನ್ನಿ. ಅಂದು ಹೊಸದಾಗಿ ಬಂದ ಕೌನ್ಸೆಲರ್ ಸ್ಮಿತಾ ಬಾಯಿ ಒಂದು ಫಾರ್ಮು ಹಿಡಿದು ಸಾಲುದ್ದಕ್ಕೂ ಬಂದರು. ಪ್ರತಿ ತಿಂಗಳು ಇಲ್ಲಿಗೇ ಬರುತ್ತೀರಾ? ಕೆಲವು ತಿಂಗಳ ಗುಳಿಗೆ ಒಟ್ಟಿಗೇ ಬೇಕಾ? ಮನೆ ಹತ್ತಿರದ ಆರೋಗ್ಯ ಕೇಂದ್ರ ಆದೀತಾ? ಗುಳಿಗೆಯ ಬದಲು ಎರಡು ತಿಂಗಳಿಗೊಂದು ಸೂಜಿ ಮುಂದೆಂದಾದರೂ ಇಲ್ಲಿ ಬಂದರೆ ತೆಗೆದುಕೊಳ್ಳುತ್ತೀರಾ?

ಬೆಂಚು ಸಂತೆಯಾಯಿತು. ಒಬ್ಬರ ಮುಖ ಒಬ್ಬರು ನೋಡದೆ ಕೂರುತ್ತಿದ್ದ ಜನ ತಿರುಗಿ ತಿರುಗಿ ಮಾತಾಡತೊಡಗಿದರು. ಸೂಜಿ ಬಂದರೆ ಡಬ್ಬಿ ಬಚ್ಚಿಡುವ ಕಾಟವೇ ಇಲ್ಲ ಎಂದು ಒಬ್ಬಳು, ನನಗೆ ಸೂಜಿ ಅಂದರೆ ಕಣ್ಣು ಕತ್ತಲೆ ಬರುತ್ತದೆ ಎಂದು ಲಾರಿ ಓಡಿಸುವ ದೊಡ್ಡ ಮೀಸೆಯವನೊಬ್ಬ. ನನ್ನ ಪಕ್ಕ ನಮ್ಮ ಹೆಲ್ಮೆಟ್ ಸರ್ ಕೂತಿದ್ದರು. ಧಾರವಾಡದವರು, ಮಡಗಾಂವಿನ ಯಾವುದೋ ಆಫೀಸಿನಲ್ಲಿ ಕೆಲಸ, ಇಷ್ಟೇ ನನಗೆ ಗೊತ್ತು. ಆರು ವರ್ಷದಿಂದ ಪ್ರತಿ ತಿಂಗಳು ನೋಡುತ್ತೇನೆ, ಮುಖ ನೋಡಿಲ್ಲ. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಒಳಗೆ ಬಂದು, ಅದರಲ್ಲೇ ಕೂತು, ಅದರಲ್ಲೇ ಹೋಗುತ್ತಾರೆ.

"ಸರ್, ನಿಮಗ ಮನಿ ಹತ್ರದ ದವಾಖಾನಿ ಚಲೋ ಅಲ್ರೀ?" ಎಂದೆ.

"ಏ, ಬ್ಯಾಡ್ರಿ ಬ್ಯಾಡ!" ಹೆಲ್ಮೆಟ್ಟಿನೊಳಗಿಂದ ದನಿ ಬಂತು. "ಅಲ್ಲಿ ನರ್ಸ್ ನಮ್ಮ ಅಪಾರ್ಟ್‌ಮೆಂಟಿನಾಕಿ. ನನಗ ಈ ಗದ್ದಲಾನ ಚಲೋ. ಗದ್ದಲದಾಗ ಯಾರಿಗೂ ಯಾರೂ ಕಾಣಂಗಿಲ್ಲ. ತಿಂಗಳಿಗೊಮ್ಮೆ ಬರೂದು ನನಗ ಬೇಕು. ಬಂದಾಗ ನಾಕ ಮಂದಿ ನನ್ನಂಗ ಅದಾರ ಅಂತ ಸಮಾಧಾನ ಆಕ್ಕೈತಿ."

ಒಂದೇ ಗುಳಿಗೆ ನುಂಗುವವರು ನಾವು. ಆದರೆ ಅವರಿಗೆ ಬೇಕಾದದ್ದು ನನಗೆ ಸೆರೆಮನೆ. ಇದನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲವಲ್ಲ!

ನನ್ನ ಸರದಿ ಬಂತು. ಸ್ಮಿತಾ ಬಾಯಿಗೆ ಕನ್ನಡ ಬಾರದು. ಕೊಂಕಣಿ, ಹಿಂದಿ ಕಲಸಿ ಕೇಳಿದರು: ಒಟ್ಟಿಗೇ ಜಾಸ್ತಿ ತಿಂಗಳ ಗುಳಿಗೆ ಜಾಯ್? ಜಾಯ್ ಎಂದರೆ ಬೇಕು, ಅಷ್ಟು ಕೊಂಕಣಿ ನನಗೆ ಬರುತ್ತದೆ. ಕಣ್ಣ ಮುಂದೆ ಮಳೆಗಾಲ ಬಂತು, ಭಾಗ್ಯ ಬಂದಳು, ಎಣ್ಣೆ ಹಚ್ಚಿದ ಕೂಸು ಬಂತು. ಮಳೆಗಾಲ ಎಂದರೆ ನಾಲ್ಕು ತಿಂಗಳು. ಹೆಬ್ಬೆರಳು ಮಡಚಿ, ನಾಲ್ಕು ಬೆರಳು ಎತ್ತಿ, ಕೈಯನ್ನು ಅವರ ಮುಖದ ಮುಂದೆ ಜೋರಾಗಿ ಆಡಿಸಿ ಕೂಗಿದೆ: "ನಾಕ್! ನಾಕ್!"

ಅವರು ಹುಬ್ಬೇರಿಸಿದರು. "ನಾಕಾ?"

"ಹೂಂ ಬಾಯ್, ನಾಕ್!"

ಫಾರ್ಮಿನಲ್ಲಿ ಗುರುತು ಹಾಕಿಕೊಂಡು ಮುಂದೆ ಹೋದರು. ನಾನು ಬಸ್ಸಿನಲ್ಲಿ ಕೂತ ಕೂಡಲೇ ಮಗಳಿಗೆ ಫೋನ್ ಹಚ್ಚಿದೆ. "ಭಾಗ್ಯಾ, ಬರ್ತೀನಿ! ಮಳಿಗಾಲ ಪೂರಾ ನಿನ್ನ ಕೂಡ ಇರ್ತೀನಿ!" ಅವಳು ನಂಬಲಿಲ್ಲ. "ನಿನ್ನ ಆಣಿ ಮಾಡ್ತೀನಿ" ಎಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೆ ಲಾಟರಿ ಹೊಡೆಯಿತೇ ಎಂದು ಕೇಳಿದಳು. ಹೌದು ಎಂದೆ.

ಮುಂದಿನ ತಿಂಗಳು ಹೋಗುವಷ್ಟರಲ್ಲಿ ಕುಬಸ ಮುಗಿದು ಭಾಗ್ಯ ಅಕ್ಕನ ಮನೆಗೆ ಬಂದಾಗಿತ್ತು. ಗಿರಾಕಿಗಳು ಒಬ್ಬೊಬ್ಬರೇ ಊರಿನ ಬಸ್ ಹತ್ತುತ್ತಿದ್ದರು. ನಾನು ನಾಲ್ಕು ಬಾಟಲಿ ಹಿಡಿಯುವ ದೊಡ್ಡ ಚೀಲವನ್ನೇ ತೆಗೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿ ಬುಕ್ ನೋಡಿ, ಒಂದು ಬಾಟಲಿ ಇಟ್ಟರು.

ಚೀಲ ಅಗಲಿಸಿ ಹಿಡಿದು ನಿಂತೇ ಇದ್ದೆ. ಇನ್ನೇನು ಎಂಬಂತೆ ನೋಡಿದರು. ಉಳಿದ ಮೂರು ಎಲ್ಲಿ ಎಂದೆ. ಜಾಸ್ತಿ ತಿಂಗಳ ಗುಳಿಗೆ ಬೇಕೆಂದವರ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ! ಮಗಳ ಆಣೆ ಮಾಡಿದ್ದೇನೆ. ಈಗ ಮತ್ತೆ ಫೋನ್ ಮಾಡಿ ಎಂಟು ದಿನ ಎಂದರೆ ಅವಳು ಇನ್ನು ಈ ಜನ್ಮದಲ್ಲಿ ನನ್ನ ಮಾತು ನಂಬುವಳೇ? ಭಯಕ್ಕೆ ಸಿಟ್ಟು ಬಂತು, ಸಿಟ್ಟಿಗೆ ಬಾಯಿ ಬಂತು. ಗದ್ದಲ ಕೇಳಿ ಸ್ಮಿತಾ ಬಾಯಿ ಓಡಿ ಬಂದು ಫಾರ್ಮು ತೆಗೆದು ತೋರಿಸಿದರು.

"ತುಂವೆಂಚ್ ಸಾಂಗಲೆಂ, ನಾಕಾ ಮ್ಹಣ್!" ನೀನೇ ಹೇಳಿದ್ದು, ನಾಕಾ ಅಂತ.

"ಹೌದ್ರಿ! ನಾಕ್ ಅಂತಾನ ಹೇಳೀನಿ!"

"ಮಗ್? ನಾಕಾ!" ಮತ್ತೇನು ಎಂಬಂತೆ ಕೈ ತಿರುಗಿಸಿದರು.

"ಅದನ್ನ ನಾನೂ ಹೇಳಾಕತ್ತೇನಲ್ರಿ, ನಾಕ್! ನಾಕ್ ಕೊಡ್ರಿ!"

ಇಬ್ಬರೂ ಒಂದೇ ಮಾತು ಹೇಳುತ್ತಿದ್ದೇವೆ, ಆದರೂ ಜಗಳ ಹರಿಯುತ್ತಿಲ್ಲ. ಸಿಟ್ಟಿನಲ್ಲಿ ನನಗೆ ಹಿಂದಿಯ ಒಂದು ಅಂಕಿಯೂ ನೆನಪಾಗಲಿಲ್ಲ. ಬೆಂಚಿನವರೆಲ್ಲ ಎದ್ದು ನಿಂತರು. ಆಗ ಹಿಂದಿನಿಂದ ಹೆಲ್ಮೆಟ್ ಸರ್ ಏನೋ ಹೇಳುತ್ತ ಬಂದರು. ಹೆಲ್ಮೆಟ್ಟಿನೊಳಗೆ "ಉಂ ಉಂ" ಎಂಬುದು ಬಿಟ್ಟರೆ ಯಾರಿಗೂ ಏನೂ ಕೇಳಲಿಲ್ಲ. ಮತ್ತೊಮ್ಮೆ ಜೋರಾಗಿ ಹೇಳಿದರು. ಕೌಂಟರಿನವರು, ನೀವು ಸುಮ್ಮನಿರಿ ಎಂದು ಗದರಿದರು.

ಸರ್ ಹೆಲ್ಮೆಟ್ ತೆಗೆದರು.

ನರೆತ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ದುಂಡು ಮುಖ. ನಮ್ಮ ಶಾಲೆಯ ಲೆಕ್ಕದ ಮಾಸ್ತರರ ಹಾಗೆ ಕಂಡರು. ಕೌಂಟರಿಗೆ ಕೈಯೂರಿ ಚೊಕ್ಕ ಕೊಂಕಣಿಯಲ್ಲಿ ಹೇಳಿದರು: ಬಾಯ್, ಇವರು ಹೇಳಿದ್ದು ನಿಮ್ಮ ನಾಕಾ ಅಲ್ಲ. ನಮ್ಮ ಕಡೆ ನಾಕ್ ಎಂದರೆ ಚಾರ್. ಇವರಿಗೆ ಚಾರ್ ತಿಂಗಳ ಗುಳಿಗೆ ಬೇಕು!

ಆಗ ನನ್ನ ತಲೆಗೆ ಹೊಳೆಯಿತು. ಅಯ್ಯೋ ನನ್ನ ದಡ್ಡತನವೇ! ನಾಕಾ ಎಂದರೆ ಕೊಂಕಣಿಯಲ್ಲಿ ಬೇಡ. ಇಪ್ಪತ್ತು ವರ್ಷದಿಂದ ಕೆಪೆಯಲ್ಲಿದ್ದೇನೆ, ಮೀನು ಮಾರುವವಳು ಬಾಗಿಲಿಗೆ ಬಂದರೆ ದಿನಾ ನಾನೇ "ನಾಕಾ, ನಾಕಾ" ಎಂದು ಕೈ ಆಡಿಸಿ ಕಳಿಸುತ್ತೇನೆ. ಅದೇ ಕೈ ಆಡಿಸಿ, ಅದೇ ಮಾತು ಹೇಳಿ, ಬೇಕಾದದ್ದನ್ನೆಲ್ಲ ಬೇಡ ಎಂದು ಬರೆಸಿ ಬಂದಿದ್ದೆ! ಎಷ್ಟು ವರ್ಷ ಎಲ್ಲಿದ್ದರೇನು, ಖುಷಿ ಉಕ್ಕಿದಾಗ ಬಾಯಿಗೆ ಬರುವುದು ಹಡೆದವ್ವ ಕಲಿಸಿದ ಮಾತೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ನನ್ನದು ಎರಡೂ ಆಗಿತ್ತು.

ಮೊದಲು ನಕ್ಕವರು ಸ್ಮಿತಾ ಬಾಯಿ. ಹಣೆ ಬಡಿದುಕೊಂಡು ಕುರ್ಚಿಯಲ್ಲಿ ಕೂತು ನಕ್ಕರು. ಆಮೇಲೆ ಇಡೀ ವರಾಂಡ ನಕ್ಕಿತು. ಆ ಗೋಡೆಗಳು ಅಂಥ ನಗೆಯನ್ನು ಹಿಂದೆ ಕೇಳಿರಲಾರವು. ಲಾರಿಯ ಮೀಸೆಯವನು ನಾಲ್ಕು ಬೆರಳು ಆಡಿಸಿ ಆಡಿಸಿ ನಕ್ಕ.

ಸ್ಮಿತಾ ಬಾಯಿ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬಂದು, ನಾಲ್ಕು ತಿಂಗಳದ್ದು ಒಟ್ಟಿಗೆ ಕೊಡಲು ಬರುವುದಿಲ್ಲವೆಂದರು. ನನ್ನ ರಕ್ತದ ರಿಪೋರ್ಟ್ ಚೆನ್ನಾಗಿದೆ, ಮೂರು ತಿಂಗಳದ್ದು ಕೊಡುತ್ತೇವೆ, ನಾಲ್ಕನೆಯದಕ್ಕೆ ಊರ ಹತ್ತಿರದ ಆಸ್ಪತ್ರೆಗೆ ಚೀಟಿ ಬರೆಯುತ್ತೇವೆ ಎಂದರು. ದೊಡ್ಡಪ್ಪನ ಮೊಮ್ಮಗ ನೆನಪಾಗಿ ನನ್ನ ಮುಖ ಸಣ್ಣದಾಯಿತು. ಹೆಲ್ಮೆಟ್ ಸರ್‌ಗೆ ಹೇಳಿದೆ.

"ಒಂದ ಸಲಾ ಅಲ್ರೀ," ಅಂದರು. "ಬೇಕಾದ್ರ ನನ್ನ ಹೆಲ್ಮೆಟ್ ಒಯ್ರಿ."

ಆಗ ಅವರಿಗೆ ತಾವು ಬರಿಮುಖದಲ್ಲಿ ನಿಂತಿರುವುದು ನೆನಪಾಯಿತು. ಸುತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ನನ್ನ ನಾಲ್ಕು ತಿಂಗಳಿಗಾಗಿ ಈ ಮನುಷ್ಯ ಆರು ವರ್ಷದ ಮರೆಯನ್ನು ಬಿಟ್ಟುಕೊಟ್ಟಿದ್ದರು.

"ಸರ್, ಹಾಕ್ಕೋರಿ," ಎಂದೆ ಮೆಲ್ಲಗೆ.

ಅವರು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು ಪಕ್ಕದಲ್ಲಿ ಕೂತರು. "ಇರ್ಲಿ ಬಿಡ್ರಿ. ಒಳಗ ಭಾಳ ಸೆಕಿ ಆಗಿತ್ತು."

ಮೂರು ಬಾಟಲಿಗಳನ್ನು ಎದೆಗವಚಿಕೊಂಡು ಮನೆಗೆ ಬಂದೆ. ಗುಳಿಗೆಯ ಬಾಟಲಿ ನಡೆದಾಗಲೆಲ್ಲ ಝಲ್ ಝಲ್ ಅನ್ನುತ್ತದೆ, ನಮ್ಮಂಥವರೆಲ್ಲರಿಗೂ ಈ ಸದ್ದು ಗೊತ್ತು. ಪ್ರತಿ ಬಾಟಲಿಗೂ ಹತ್ತಿ ತುರುಕಿ, ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಖಾನಾವಳಿಗೆ ಬೀಗ ಹಾಕಿದೆ. ಖುಷಿಯ ಗಡಿಬಿಡಿಯಲ್ಲಿ ಬೀಗ ಎರಡು ಸಲ ಜಾರಿ ಬಿತ್ತು. ಬಸ್ಸು ಘಟ್ಟ ಹತ್ತುವಾಗ ನನಗೆ ಹದಿನಾರು ವರ್ಷ.

ಭಾಗ್ಯಳಿಗೆ ಹೇಳಬೇಕೆಂದು ನಾನು ಹೋಗಿರಲಿಲ್ಲ. ಆದರೆ ಈ ನಾಕಿನ ಕಥೆ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಇಷ್ಟು ಒಳ್ಳೆಯ ಕಥೆಯನ್ನು ಹೇಳದೆ ಇರುವುದು ಹೇಗೆ? ಅದನ್ನು ಹೇಳಬೇಕೆಂದರೆ ಎಲ್ಲವನ್ನೂ ಹೇಳಬೇಕು. ಹೋದ ಮೂರನೇ ದಿನ, ಉಂಡಿಗೆ ಕೊಬ್ಬರಿ ತುರಿಯುತ್ತ ಕೂತಾಗ, ಅವಳೇ ಕೇಳಿದಳು.

"ಇಷ್ಟ ವರ್ಷ ಬರದಾಕಿ ಈ ವರ್ಷ ಹೆಂಗ ಬಂದಿ?"

ಹೇಳಿಬಿಟ್ಟೆ. ಅಪ್ಪನಿಂದ ಹಿಡಿದು ಹೆಲ್ಮೆಟ್ಟಿನ ತನಕ. ಅವಳ ಮೊದಲ ಮಾತು, "ನನಗ?" ನಿನ್ನ ರಕ್ತ ಅಂದೇ ನೋಡಿದ್ದಾರೆ, ನಿನಗೇನೂ ಇಲ್ಲ, ಈಗ ಬಸುರಿಯಲ್ಲೂ ನೋಡಿದ್ದಾರಲ್ಲ ಎಂದೆ. ಎದ್ದು ಒಳಗೆ ಹೋದಳು. ಮಧ್ಯಾಹ್ನವೆಲ್ಲ ಹೊರಗೆ ಬರಲಿಲ್ಲ. ನಾನು ಕೊಬ್ಬರಿ ತುರಿದೆ, ಬೆರಳನ್ನೂ ಸ್ವಲ್ಪ ತುರಿದುಕೊಂಡೆ, ರಕ್ತ ನೋಡಿ ಥಟ್ಟನೆ ಕೈ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಹಿತ್ತಲಿಗೆ ಓಡಿದೆ. ತುರಿದದ್ದನ್ನೆಲ್ಲ ಚೆಲ್ಲಿ ಬೇರೆ ಕೊಬ್ಬರಿ ತೆಗೆದುಕೊಂಡೆ. ಯಾಕೆ ಹೇಳಿದೆನೋ ಎಂದು ನನ್ನ ಬಾಯನ್ನು ನಾನೇ ಬೈದೆ.

ಸಂಜೆ ಬಂದು ಎದುರಿಗೆ ಕೂತಳು. ಕಣ್ಣು ಊದಿದ್ದವು.

"ಅವ್ವಾ, ಆ ಹೆಲ್ಮೆಟ್ ಸರ್ ಆಮ್ಯಾಲೆ ಹಾಕ್ಕೊಂಡ್ರೋ, ಹಂಗ ಹೋದ್ರೋ?"

"ಸ್ಕೂಟರ್ ಹೊಡಿಬೇಕಲ್ಲ, ಹಾಕ್ಕೊಂಡ್ರು. ಗೇಟ್ ದಾಟಿದ ಮ್ಯಾಲೆ."

ಅವಳು ನಕ್ಕಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು, ಹಾಗೇ ಅತ್ತಳು, ಮೊದಲೇ ಹೇಳಿದ್ದರೆ ಒಂಬತ್ತು ವರ್ಷ ನಿನ್ನನ್ನು ಬೈಯುತ್ತಿರಲಿಲ್ಲವಲ್ಲ ಎಂದು ಮತ್ತೆ ಬೈದಳು. ಒಳಗಿನಿಂದ ಅಕ್ಕ ಎಲ್ಲ ಕೇಳಿಸಿಕೊಂಡಿರಬೇಕು. ಅಂದು ಉಂಡಿ ಕಟ್ಟಿ ಇಡಲು ಅವಳು ತಂದುಕೊಟ್ಟ ತಾಟಿನ ಅಂಚಿನಲ್ಲಿ ಮೊಳೆಯ ಗೀರು ಇತ್ತು. ಆ ತಾಟಿನಿಂದ ಒಂದು ಉಂಡಿ ಎತ್ತಿ ತಾನೂ ಬಾಯಿಗೆ ಹಾಕಿಕೊಂಡಳು. ಅವಳು ಕ್ಷಮೆ ಕೇಳುವ ಪೈಕಿಯಲ್ಲ, ನನಗೆ ಅಷ್ಟೇ ಸಾಕಾಯಿತು.

ಮಳೆ ಶುರುವಾದ ವಾರ ಭಾಗ್ಯ ಹೆಣ್ಣು ಹೆತ್ತಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕೂಸಿಗೆ ನೀರೆರೆಯಬೇಕಿತ್ತು. ನೀರು ಕಾಯಿಸಿದೆ, ಎಣ್ಣೆ ಬೆಚ್ಚಗೆ ಮಾಡಿದೆ, ಕಾಲು ಚಾಚಿ ಮಣೆಯ ಮೇಲೆ ಕೂತೆ. ಎತ್ತಿಕೊಂಡರೆ, ಮುದ್ದಿಸಿದರೆ ಏನೂ ಆಗುವುದಿಲ್ಲ ಎಂದು ನನಗೆ ಹತ್ತು ವರ್ಷದಿಂದ ಗೊತ್ತು, ಡಾಕ್ಟರೂ ನೂರು ಸಲ ಹೇಳಿದ್ದಾರೆ. ಆದರೂ ಚಾಚಿದ ಕೈ ಅರ್ಧಕ್ಕೆ ನಿಂತಿತು. ಅದು ಅವಳ ಕೂಸು. ನನಗೇನು ಬೇಕೆಂದು ಯಾರಾದರೂ ಕೇಳಲಿ ಎಂದು ಇಷ್ಟು ವರ್ಷ ಕಾದವಳು, ನಾನೂ ಕೇಳಬೇಕಲ್ಲ.

"ಭಾಗ್ಯಾ, ನಾ ಎತ್ಕೊಳ್ಳೇನ? ನಿನಗ ಹೆದರಿಕಿ ಇದ್ರ ದೊಡ್ಡವ್ವ ಎರೀಲಿ. ಬ್ಯಾಡಂದ್ರ ನನಗೇನ ಬ್ಯಾಸರಿಲ್ಲ. ಬ್ಯಾಡೇನು?"

ಅವಳು ಕೂಸನ್ನು ನನ್ನ ಕಾಲುಗಳ ಮೇಲೆ ಮಲಗಿಸಿದಳು. ಹೆಬ್ಬೆರಳು ಮಡಚಿ, ನಾಲ್ಕು ಬೆರಳು ಎತ್ತಿ, ನನ್ನ ಮುಖದ ಮುಂದೆ ಆಡಿಸಿದಳು.

"ನಾಕಾ ಅಲ್ಲ ಅವ್ವಾ, ನಾಕ್. ನಾಕ್ ತಿಂಗಳು ಕೆಳಗ ಇಳಸಬ್ಯಾಡ."